ಆರುಚ್ಚಾಮಿಯ ಕೈಗುಣ

ಕಾರಿನ ಕೀಲಿ ಕೈಕೊಟ್ಟರೆ ಸೆಲ್ವಪುರದ ಎಣ್ಣೆಗಾಣದ ಬೀದಿಯವರು ದೇವರಿಗಿಂತ ಮೊದಲು ಆರುಚ್ಚಾಮಿಯನ್ನು ನೆನೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅದೇ ಬೀದಿ, ಅದೇ ಅಂಗಡಿ, ಅದೇ ಮರದ ಸ್ಟೂಲು. ಗುಂಡಿ ಒತ್ತಿದರೂ ಬಾಗಿಲು ತೆರೆಯದ ಕಾರು, ಯಾರೂ ಮುಟ್ಟದೆ ಊಳಿಡುವ ಅಲಾರಂ, ಕೀಲಿಯನ್ನು ಒಳಗೇ ಮರೆತು ಹೊರಗೆ ಬೆವರುತ್ತ ನಿಂತ ಯಜಮಾನ, ಎಲ್ಲ ಅವನ ಬಾಗಿಲಿಗೇ ಬರಬೇಕು. ಅವನು ಹೆಚ್ಚು ಮಾತಾಡುವವನಲ್ಲ. ಕೀಲಿಯ ಬೆನ್ನು ಬಿಚ್ಚಿ, ಒಳಗಿನ ಬ್ಯಾಟರಿ ಬಿಲ್ಲೆಯನ್ನು ಪಂಚೆಯ ಅಂಚಿಗೆ ಒರೆಸಿ, ಒಮ್ಮೆ ಉಫ್ ಎಂದು ಊದಿ ಮುಚ್ಚಿ ಕೊಟ್ಟರೆ ಕಾರು ಕುಯ್ಕ್ ಎನ್ನುತ್ತಿತ್ತು. ಕೈಗುಣ ಅಂದರೆ ಅದಪ್ಪಾ, ಎನ್ನುತ್ತಿದ್ದರು ಜನ. ಆ ಕೈಗುಣ ಈ ವರ್ಷ ಆಯುಧಪೂಜೆ ಕಳೆದ ಮೂರೇ ದಿನಕ್ಕೆ ಕೆಟ್ಟುಹೋಯಿತು. ಹಾಗೆಂದು ಬೀದಿಯೇ ಹೇಳಿತು. ಬೀದಿಗೆ ಬೇರೇನು ಕೆಲಸ?

ಅಂಗಡಿಯ ಮೇಲೆಯೇ ಮನೆ, ಹದಿನೆಂಟು ಮೆಟ್ಟಿಲು. ಮೇಲೆ ಅವನ ಹೆಂಡತಿ ಮರಗದಂ ಮಲಗಿದ್ದಳು. ಬೇಸಿಗೆಯ ಒಂದು ಬೆಳಗ್ಗೆ ಕಾಫಿ ಸೋಸುತ್ತಿದ್ದವಳು ಕುಸಿದು ಬಿದ್ದಳು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಎಂಥ ಬಾಯಿ ಅದು! ಕಿಟಕಿಯಲ್ಲಿ ನಿಂತು ಕೊತ್ತಂಬರಿ ಮಾರುವವನ ಜೊತೆ ಚೌಕಾಶಿ ಮಾಡಿದರೆ ಆಚೆ ಬೀದಿಯವರೂ ಅದೇ ಬೆಲೆಗೆ ಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಗಿರಾಕಿಯ ಎದುರೇ, "ಆ ಕಾರಿಗೇ ತಾಳಿ ಕಟ್ಟಿದ್ಯಾ? ಅನ್ನ ಆರ್ತಿದೆ, ಮೇಲೆ ಬಾ" ಎಂದು ಕೂಗುತ್ತಿದ್ದಳು. ಈಗ ಆ ಬಾಯಲ್ಲಿ ಉಳಿದದ್ದು ಒಂದು 'ಊಂ' ಮಾತ್ರ.

ಕರೆಯಲು ದನಿಯಿಲ್ಲದವಳಿಗೆ ಆರುಚ್ಚಾಮಿ ತಾನೇ ಒಂದು ಕರೆಗಂಟೆ ಮಾಡಿಕೊಟ್ಟ. ಹಳೆಯ ಕಾರಿನ ಕೀಲಿಯೊಂದರ ಒಡಲು ತೆಗೆದು ದೊಡ್ಡ ಗುಂಡಿ ಕೂರಿಸಿದ. ಅದರ ಕರೆ ಗಾಳಿಯಲ್ಲೇ ಗೋಡೆ ದಾಟಿ ಕೆಳಗೆ ಮುಟ್ಟಲಿ ಎಂದು ರೇಡಿಯೋಗೆ ಕಟ್ಟುವಂತೆ ಮೊಳದುದ್ದದ ತಂತಿ ಸೇರಿಸಿದ. ಸೆಲ್ಲು ತೀರಿ ಅವಳು ಅನಾಥಳಾಗಬಾರದೆಂದು ಮಂಚದ ಕೆಳಗೆ ಸ್ಕೂಟರಿನ ಬ್ಯಾಟರಿಯನ್ನೇ ಇಟ್ಟ. ಅವಳು ಎಡಗೈಯಲ್ಲಿ ಗುಂಡಿ ಒತ್ತಿದರೆ ಅಂಗಡಿಯ ಹಲಗೆಯ ಮೇಲಿನ ಡಬ್ಬಿ ಕಿರ್ರ್ ಎನ್ನುತ್ತಿತ್ತು. ನೀರಿಗೆ ಕಿರ್ರ್, ಬಹಿರ್ದೆಸೆಯ ಪಾತ್ರೆಗೆ ಕಿರ್ರ್, ಕಿಟಕಿಯ ಬಿಸಿಲಿಗೆ ಕಿರ್ರ್, ಕೆಲವು ಸಲ ಏನೂ ಇಲ್ಲದಕ್ಕೂ ಕಿರ್ರ್. ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿದರೂ ಅವನು ಬಾಯಿಬಿಟ್ಟು ಗೊಣಗಲಿಲ್ಲ. ಗೊಣಗಿದ್ದು ಮೊಣಕಾಲು.

ಪ್ರತಿ ವರ್ಷ ಆಯುಧಪೂಜೆಗೆ ಅಂಗಡಿಯ ಸಾಮಾನನ್ನೆಲ್ಲ ತೊಳೆದು, ಗಂಧ ಕುಂಕುಮ ಇಡುತ್ತಿದ್ದವಳು ಮರಗದಂ. ಈ ಸಲ ಅವನೇ ಇಟ್ಟ. ಇಕ್ಕಳ, ಸ್ಕ್ರೂಡ್ರೈವರ್, ಕೀಲಿ ಕೊರೆಯುವ ಯಂತ್ರ, ಕೀಲಿ ಪರೀಕ್ಷಿಸುವ ದೀಪದ ಪೆಟ್ಟಿಗೆ, ಎಲ್ಲಕ್ಕೂ ಒಂದೊಂದು ಬೊಟ್ಟು. ಕರೆಗಂಟೆಯ ಡಬ್ಬಿಯೂ ದುಡಿಯುವುದೇ ಅಲ್ಲವೇ ಎಂದು ಅದರ ಕರೆಂಟಿನ ವೈರನ್ನೂ ಕಿತ್ತು ದೇವರ ಮುಂದಿಟ್ಟ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಆ ಒಂದು ದಿನ ಹೇಗೂ ಅವನು ಮೇಲೆ ಅವಳ ಬಳಿಯೇ ಇದ್ದ.

ಮರುದಿನ ಒಂದೊಂದೇ ಸಾಮಾನು ಕೆಲಸಕ್ಕೆ ಬಂತು. ಡಬ್ಬಿ ಕಡೆಯದಾಗಿ ಕೈಗೆ ಸಿಕ್ಕಿತು. ಬಾಗಿಲಲ್ಲಿ ಎರಡು ಕಾರು ನಿಂತಿದ್ದವು. ಒಂದು ಗಳಿಗೆ ಸುಮ್ಮನಿರಲಿ ಎಂದು ಅದನ್ನು ಗಂಧದ ಬೊಟ್ಟಿನ ಸಮೇತ ಹಲಗೆಯ ಮೂಲೆಗಿಟ್ಟ. ಗಳಿಗೆ ಹೋಗಿ ದಿನವಾಯಿತು, ದಿನ ಹೋಗಿ ಎರಡಾಯಿತು. ಅಂಗಡಿ ಅಷ್ಟು ತಣ್ಣಗಿದ್ದು ಎಷ್ಟು ಕಾಲವಾಗಿತ್ತು! ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ತಪ್ಪದೆ ಮೇಲೆ ಹೋಗುತ್ತೇನಲ್ಲ, ಅಷ್ಟು ಸಾಕು, ಅವಳೂ ಈಗ ಮೊದಲಿಗಿಂತ ವಾಸಿ, ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ನಂಬಿಯೂಬಿಟ್ಟ. ಆಮೇಲೆ ಡಬ್ಬಿಯ ನೆನಪೇ ಹೋಯಿತು.

ಮೂರನೆಯ ದಿನದಿಂದ ಮರಗದಂ ನೀರು ಬಿಟ್ಟಳು. ಲೋಟ ತುಟಿಗೆ ಹಿಡಿದರೆ ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗುತ್ತಿದ್ದಳು. ಸಾರನ್ನ ನಾಲ್ಕು ತುತ್ತು, ನೀರು ಗುಟುಕೂ ಇಲ್ಲ. ಬೆಳಗ್ಗೆ ಬಂದು ಅವಳ ಮೈ ಒರೆಸಿ ಹೋಗುವ ಪಳನಾತ್ತಾ ಎಂಬ ಮುದುಕಿ ಎರಡು ದಿನ ನೋಡಿ ಅಂಗಡಿಯ ಮುಂದೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಯ್ಯಾ, ನಿನ್ನ ಹೆಂಡ್ತಿ ಮೂತ್ರ ಡಿಕಾಕ್ಷನ್ ಥರ ಬರ್ತಿದೆ, ನೋಡಿದ್ಯಾ? ಡಾಕ್ಟ್ರು ಏನ್ ಹೇಳಿದ್ರು? ನೀರು ನಿಂತ್ರೆ ಮೂತ್ರಪಿಂಡ ಹೋಗುತ್ತೆ, ಮತ್ತೆ ಆಸ್ಪತ್ರೆ ಸೇರಿದ್ರೆ ವಾಪಸ್ ತರೋದು ಕಷ್ಟ ಅಂತ ಹೇಳ್ಲಿಲ್ವಾ?"

"ಕುಡಿಸ್ತೀನಿ ಆತ್ತಾ. ಬಾಯಿ ತೆಗೀತಿಲ್ಲ ಅವಳು."

"ಯಾಕೆ ತೆಗೀತಿಲ್ಲ ಕೇಳಿದ್ಯಾ?"

"ಕೇಳಿದ್ರೆ ಹೇಳೋಕೆ ಅವಳಿಗೆ ಬಾಯಿ ಎಲ್ಲಿದೆ?"

"ಬಾಯಿ ಇದ್ದಾಗ ನೀನು ಕೇಳ್ತಿರ್ಲಿಲ್ಲ ಬಿಡು" ಎಂದು ಮುದುಕಿ ಹೊರಟುಹೋದಳು.

ಮರಗದಂ ನೀರು ಬಿಟ್ಟ ದಿನವೇ ಮಧ್ಯಾಹ್ನ ಬಾಡಿಗೆ ಕಾರಿನ ದೇವಸಗಾಯಂ ಬಂದಿದ್ದ. ಹದಿನೈದು ವರ್ಷದ ಗೆಳೆಯ. ಅವನ ಕಾರು ಬೀದಿಯುದ್ದಕ್ಕೂ ಬಾಯಿ ಬಡಿದುಕೊಳ್ಳುತ್ತಿತ್ತು. ಗುಂಡಿ ಒತ್ತಿದರೆ ಬಾಗಿಲು ತೆರೆಯಲಿಲ್ಲವಂತೆ, ಕೀಲಿ ತೂರಿಸಿ ತೆರೆದನಂತೆ, ಕಳ್ಳ ಬಂದನೆಂದು ಅಲಾರಂ ಹೊಡೆದುಕೊಳ್ಳತೊಡಗಿತಂತೆ. ಆರುಚ್ಚಾಮಿ ಹೊಸ ಬಿಲ್ಲೆ ಹಾಕಿದ. ಆಗಲಿಲ್ಲ. ಕಾರಿಗೆ ಕೀಲಿಯ ಗುರುತನ್ನು ಹೊಸದಾಗಿ ಕಲಿಸಲು ನೋಡಿದ, ಅದೂ ಆಗಲಿಲ್ಲ. ಕಡೆಗೆ ಬ್ಯಾಟರಿಯ ತಂತಿ ಕಿತ್ತು ಬಾಯಿ ಮುಚ್ಚಿಸಬೇಕಾಯಿತು. ದೇವಸಗಾಯಂ ಕಾರನ್ನು ಪಕ್ಕದ ಪೇಟೆ ಉಕ್ಕಡಕ್ಕೆ ಎಳೆಸಿಕೊಂಡು ಹೋದ. ಅಲ್ಲಿ ಕೀಲಿ ಅಂಗಡಿಯ ಹೊಸಬ ತಂತಿ ಸಿಕ್ಕಿಸಿ ಗುಂಡಿ ಒತ್ತಿದ್ದೇ ತಡ, ಕುಯ್ಕ್ ಎಂದಿತು.

ಒಂದಾದರೆ ಸರಿ. ಮರುದಿನ ಬ್ಯಾಂಕಿನ ಮೇಡಂ ಕಾರು, ಅದರಾಚೆ ದಿನ ಹಲ್ಲಿನ ಡಾಕ್ಟರದು. ಎಲ್ಲವೂ ಆರುಚ್ಚಾಮಿಯ ಬಾಗಿಲಲ್ಲಿ ಸತ್ತವು, ಉಕ್ಕಡದಲ್ಲಿ ಎದ್ದವು. ಅವನ ದೀಪದ ಪೆಟ್ಟಿಗೆಯೂ ಹುಚ್ಚು ಹಿಡಿದಂತಾಡಿತು. ಕೀಲಿಯ ಗುಂಡಿ ಒತ್ತಿದಾಗ ಮಾತ್ರ ಹತ್ತಬೇಕಾದ ಕೆಂಪು ದೀಪ ಯಾವ ಕೀಲಿಯೂ ಇಲ್ಲದೆ ಹಗಲೆಲ್ಲ ಉರಿಯುತ್ತಿತ್ತು. ಪೂಜೆಯ ನೀರು ಒಳಗಿಳಿದಿದೆ ಎಂದುಕೊಂಡು ಬಿಸಿಲಿಗಿಟ್ಟ, ಕೊಡವಿದ, ಕಡೆಗೆ ಗೂಡಿಗೆ ಎಸೆದ. ಪೆಟ್ಟಿಗೆ ಕೆಟ್ಟಿದೆ ಎಂದು ಅವನು ಅಂದದ್ದಕ್ಕೆ ಟೀ ಅಂಗಡಿಯಲ್ಲಿ ಯಾರೋ, "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ" ಎಂದರು. ಅವನಿಗೆ ಕೇಳಲಿ ಎಂದೇ ಅಂದದ್ದು.

ಆರುಚ್ಚಾಮಿಗೆ ತನ್ನ ಬೆರಳ ಮೇಲೆಯೇ ಅನುಮಾನ ಹುಟ್ಟಿತು. ಸ್ಟೂಲಿನ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿ ನೋಡುತ್ತಿದ್ದ. ನಡುಗುತ್ತಿವೆಯೇ? ಮರಗದಂಗೆ ಬಂದದ್ದೇ ತನಗೂ ಬರುತ್ತಿದೆಯೇ? ಹಾಗಾದರೆ ಅವಳ ಬಾಯಿಗೆ ಲೋಟ ಹಿಡಿಯುವವರು ಯಾರು? ಹೆದರಿಕೆಗೆ ಒಂದು ಕಾರಣ ಬೇಕು, ಸಿಕ್ಕಿತು: ಪೂಜೆಯಲ್ಲೇ ಏನೋ ಲೋಪವಾಗಿದೆ, ಅವಳ ಕೈ ಬೀಳದ ಪೂಜೆ ದೇವರಿಗೆ ಸಲ್ಲಲಿಲ್ಲ. ಬೂದುಗುಂಬಳ ತಂದು ಕುಂಕುಮ ತುಂಬಿ ಬಾಗಿಲಲ್ಲಿ ಇನ್ನೊಮ್ಮೆ ಒಡೆದ.

ದೇವಸಗಾಯಂ ಹೋಳುಗಳನ್ನು ಕಾಲಲ್ಲಿ ಸರಿಸುತ್ತ ಬಂದ. "ಅಣ್ಣಾ, ಕುಂಬಳಕಾಯಿಗೆ ಕಾರು ಎದ್ದೇಳೋದಾದ್ರೆ ನಾನು ಡಿಕ್ಕಿಯಲ್ಲಿ ನಾಲ್ಕು ಇಟ್ಕೊಂಡೇ ಓಡಾಡ್ತಿದ್ದೆ."

"ನಗು ನೀನು. ನನ್ನ ಅನ್ನ ಹೋಗ್ತಿದೆ."

"ಅತ್ತಿಗೆ ನೀರು ಕುಡಿದ್ರಾ?"

"ಇಲ್ಲ. ಇವತ್ತು ತುಟಿ ಒಡೆದು ರಕ್ತ ಬಂದಿದೆ. ನಾಳೆಗೂ ಹೀಗೇ ಆದ್ರೆ ಆಸ್ಪತ್ರೆಗೇ ಅಂದ್ರು ಡಾಕ್ಟ್ರು. ನಿನ್ನ ಕಾರೇ ಬೇಕು."

ದೇವಸಗಾಯಂನ ನಗು ಅಲ್ಲಿಗೇ ನಿಂತಿತು.

ಮರುದಿನ, ಪೂಜೆ ಕಳೆದು ಒಂಬತ್ತನೆಯ ದಿನ, ಬೆಳಗ್ಗೆ ಹನ್ನೊಂದಕ್ಕೆ ಅವನು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. ಇಳಿದು ಬೀಗ ಹಾಕಲು ಗುಂಡಿ ಒತ್ತಿದ. ಇಲ್ಲ. ಕೀಲಿಯಲ್ಲೇ ಬೀಗ ಹಾಕಿ, ಮರೆತಿದ್ದ ಫೋನಿಗೆಂದು ಮತ್ತೆ ಬಾಗಿಲು ತೆರೆದ. ಅಲಾರಂ ಶುರುವಾಯಿತು. ಗುಂಡಿಯನ್ನು ಎಷ್ಟು ಒತ್ತಿದರೂ ನಿಲ್ಲಲಿಲ್ಲ.

"ನೋಡು" ಎಂದ ದೇವಸಗಾಯಂ, ಆ ಗದ್ದಲದಲ್ಲಿ ಅವನ ಕಿವಿಗೆ ಬಾಯಿಟ್ಟು. "ಈಗ ತಾನೆ ತಿರುವಿನ ಟೀ ಅಂಗಡಿ ಹತ್ರ ಇದೇ ಗುಂಡಿ ಒತ್ತಿ ಬೀಗ ಹಾಕಿ ತೆಗೆದಿದ್ದೀನಿ. ಅಲ್ಲಿ ಸರಿ, ಇಲ್ಲಿ ಕೆಟ್ಟದ್ದು. ಕೆಟ್ಟಿರೋದು ಕೀಲಿಯಲ್ಲಣ್ಣ, ನಿನ್ನ ಕೈಯೂ ಅಲ್ಲ. ಈ ಜಾಗ."

ಇಪ್ಪತ್ತಾರು ವರ್ಷದ ಕೆಲಸಗಾರನಿಗೆ ಇಷ್ಟು ಹೊಳೆಯಲಿಲ್ಲವೇ ಎಂದು ಕೇಳಬೇಡಿ. ತನ್ನನ್ನೇ ಅನುಮಾನಿಸುತ್ತ ಕೂತವನು ಬೇರೆಯದನ್ನು ನೋಡುವುದಿಲ್ಲ. ಆರುಚ್ಚಾಮಿ ಗೂಡಿನಿಂದ ದೀಪದ ಪೆಟ್ಟಿಗೆಯನ್ನು ತೆಗೆದ. ಕೆಂಪು ದೀಪ ಉರಿಯುತ್ತಲೇ ಇತ್ತು. ಅದನ್ನು ಹಿಡಿದು ಬೀದಿಗಿಳಿದು ನಡೆದ. ದರ್ಜಿಯ ಅಂಗಡಿಯ ಮುಂದೆ ದೀಪ ಮಂಕಾಯಿತು. ಟೀ ಅಂಗಡಿಯ ಹತ್ತಿರ ಆರಿಹೋಯಿತು. ಪೆಟ್ಟಿಗೆ ಕೆಟ್ಟಿರಲಿಲ್ಲ. ಎಲ್ಲಿಂದಲೋ ಒಂದು ಕೀಲಿ ಬಿಡದೆ ಕೂಗುತ್ತಿದೆ, ಅದರ ಕೂಗಿನಲ್ಲಿ ಮಿಕ್ಕ ಕೀಲಿಗಳ ಮಾತು ಯಾವ ಕಾರಿಗೂ ಕೇಳುತ್ತಿಲ್ಲ. ಅಷ್ಟು ಗೊತ್ತಾದದ್ದೇ ಅವನ ಎದೆ ಹಗುರಾಯಿತು. ಬೆರಳು ನಡುಗುತ್ತಿರಲಿಲ್ಲ. ಯಾವ ಮನೆಯದಿದ್ದರೂ ಹಿಡಿದು ಬೀದಿಗೆ ತೋರಿಸುತ್ತೇನೆ ಎಂದುಕೊಂಡ.

ಹಿಂದೆ ಬಂದಂತೆ ದೀಪ ಮತ್ತೆ ಹತ್ತಿತು. ಎದುರು ಮನೆಯ ಕಡೆ ಹಿಡಿದರೆ ಕಮ್ಮಿ, ಪಕ್ಕದ ಗೋದಾಮಿನ ಕಡೆ ಹಿಡಿದರೂ ಕಮ್ಮಿ. ತನ್ನ ಅಂಗಡಿಯ ಒಳಗೆ ಹೆಚ್ಚು. ಮೆಟ್ಟಿಲ ಬುಡದಲ್ಲಿ ಇನ್ನೂ ಹೆಚ್ಚು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಹದಿನೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಅವನಿಗೆ ಅರ್ಥವಾಗಿಹೋಗಿತ್ತು. ಆದರೂ ಹತ್ತಿದ.

ಮರಗದಂ ಕಣ್ಣು ತೆರೆದೇ ಇದ್ದಳು. ಅವನನ್ನಲ್ಲ, ಅವನ ಕೈಯ ಕೆಂಪು ದೀಪವನ್ನು ನೋಡಿದಳು. ಅವನು ದಿಂಬಿನ ಕೆಳಗೆ ಕೈ ಹಾಕಿದ. ಕರೆಗಂಟೆಯ ಗುಂಡಿಯ ಸುತ್ತ ಬಾಳೆನಾರು ಸುತ್ತಿತ್ತು. ಅವನೇ ದಿನಾ ಸಂಜೆ ತಂದು ಅವಳ ಮುಡಿಗೆ ಸಿಕ್ಕಿಸುತ್ತಿದ್ದ ಮಲ್ಲಿಗೆಯ ನಾರು. ಹೂವು ಉದುರಿಸಿ, ಒಂದೇ ಕೈಯಲ್ಲಿ, ಹಲ್ಲಿನಲ್ಲಿ ಕಚ್ಚಿ ಎಳೆದು, ಗುಂಡಿ ಮೇಲೇಳದ ಹಾಗೆ ಬಿಗಿದಿದ್ದಳು. ಒಂದರ ಮೇಲೊಂದು ಆರು ನಾರು. ಒಂದೆರಡು ಒಣಮೊಗ್ಗು ಇನ್ನೂ ಅಂಟಿದ್ದವು.

ಎರಡು ದಿನ ಒತ್ತಿ ಒತ್ತಿ ನೋಡಿದಳು, ಯಾರೂ ಬರಲಿಲ್ಲ. ಮೂರನೆಯ ದಿನ ಕಟ್ಟಿಯೇ ಇಟ್ಟಳು. ಹಗಲೂ ರಾತ್ರಿ ಕೂಗಲಿ, ಎಂದಾದರೂ ಕೇಳೀತು. ಇನ್ನು ನೀರು? ಕುಡಿದರೆ ಪಾತ್ರೆ ಬೇಕು, ಪಾತ್ರೆ ಕೊಡುವವನು ಕರೆದರೆ ಬರುವುದಿಲ್ಲ. ಒದ್ದೆಯಲ್ಲಿ ನಾಲ್ಕು ಗಂಟೆಯವರೆಗೆ ಮಲಗುವುದಕ್ಕಿಂತ ನೀರನ್ನೇ ಬಿಟ್ಟಳು. ಇದೆಲ್ಲ ಆರುಚ್ಚಾಮಿಗೆ ಯಾರೂ ಹೇಳಬೇಕಾಗಲಿಲ್ಲ. ಅವನು ಮಂಚದ ಅಂಚಿನಲ್ಲಿ ಕೂತು ನಾರುಗಳನ್ನು ಒಂದೊಂದಾಗಿ ಬಿಚ್ಚಿದ. ಕಡೆಯದು ಬಿಚ್ಚಿದಾಗ ಕೆಂಪು ದೀಪ ಆರಿತು. ಕೆಳಗೆ ದೇವಸಗಾಯಂ ಒತ್ತುತ್ತಲೇ ಇದ್ದ ಕೀಲಿ ಈಗ ಕೇಳಿಸಿ, ಕಾರಿನ ಅರಚಾಟ ಫಕ್ಕನೆ ನಿಂತಿತು.

"ಅಣ್ಣಾ, ನಿಂತ್ಹೋಯ್ತು" ಎಂದು ದೇವಸಗಾಯಂ ಬೀದಿಯಿಂದ ಕೂಗಿದ. "ಏನಾಗಿತ್ತು? ಯಾರ್ದು ತಪ್ಪು?"

ಆರುಚ್ಚಾಮಿ ಕಿಟಕಿಗೆ ಹೋದ. ಕೆಳಗೆ ಟೀ ಅಂಗಡಿಯವರೂ ದರ್ಜಿಯೂ ಕತ್ತೆತ್ತಿ ನಿಂತಿದ್ದರು. ಪೂಜೆಯ ನೀರು ಎನ್ನಬಹುದಿತ್ತು, ಯಾವುದೋ ಟವರು ಎನ್ನಬಹುದಿತ್ತು.

"ನನ್ದೇ" ಎಂದ. "ಇವಳು ಕರೀತಿದ್ಳು. ನಾನು ಗಂಟೆ ಕಿತ್ತಿಟ್ಟಿದ್ದೆ."

ಅವನು ತಿರುಗಿ ಬಂದು ಹೆಂಡತಿಯ ಕಾಲ ಬಳಿ ನಿಂತ. "ಒಂದಿನ ಸುಮ್ನಿರ್ಲಿ ಅಂತ ಇಟ್ಟೆ ಮರಗದಂ. ಹಾಯಾಗಿತ್ತು ನಂಗೆ. ಅದಕ್ಕೇ ಮರೆತೆ." ಇದಕ್ಕಿಂತ ಕಡಿಮೆ ಹೇಳಿದ್ದರೆ ಮುಚ್ಚಿಟ್ಟದ್ದು ಅವಳಿಗೆ ಗೊತ್ತಾಗುತ್ತಿತ್ತು. ಲೋಟದಲ್ಲಿ ನೀರು ಬಗ್ಗಿಸಿ ತುಟಿಗೆ ಹಿಡಿದ. ಅವಳು ಹಲ್ಲು ಕಚ್ಚಿದಳು. ಕಣ್ಣು ಬಾಗಿಲ ಕಡೆ ಹೋಯಿತು, ಮೆಟ್ಟಿಲ ಕಡೆ.

ಅವನು ಇಳಿದು ಹೋಗಿ ಡಬ್ಬಿಯ ವೈರು ಸಿಕ್ಕಿಸಿದ. ಒಣಗಿದ ಗಂಧದ ಬೊಟ್ಟನ್ನು ಉಗುರಿನಲ್ಲಿ ಕೆರೆದು ತೆಗೆದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಿರ್ರ್ ಎಂದಿತು. ಹದಿನೆಂಟು ಮೆಟ್ಟಿಲನ್ನು ಎಡವುತ್ತ ಹತ್ತಿ ಮೇಲೆ ಬಂದ, ಲೋಟ ಎತ್ತಿಕೊಂಡ.

ಮರಗದಂ ಬಾಯಿ ತೆಗೆಯಲಿಲ್ಲ. ಅವನ ಮುಖ ನೋಡುತ್ತ ಇನ್ನೊಮ್ಮೆ ಗುಂಡಿ ಒತ್ತಿದಳು. ಕೆಳಗೆ ಯಾರೂ ಇಲ್ಲದ ಅಂಗಡಿಯಲ್ಲಿ ಡಬ್ಬಿ ಕಿರ್ರ್ ಎಂದದ್ದು ಇಬ್ಬರಿಗೂ ಕೇಳಿಸಿತು. ಬೆರಳು ತೆಗೆಯದೆ ಅದನ್ನು ಪೂರ್ತಿ ಕೇಳಿದಳು. ಆಮೇಲೆ ಒಡೆದ ತುಟಿ ತೆರೆದು ಲೋಟದ ನೀರನ್ನೆಲ್ಲ ಕುಡಿದಳು.