ಗೇಟಿನ ಹೊರಗೆ ಟೆಂಪೊ ಚಾಚಾ

ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯ ಟೆಂಪೊ ಚಾಚಾ ಯಾರು ಎದುರಾದರೂ ಒಂದೇ ಮಾತು ಹೇಳುತ್ತಿದ್ದರು: "ಅವಸರ ಯಾಕ್ರಿ, ಕೂಡ್ರಿ." ಕೂಡಲು ಜಾಗ ಇದೆಯೋ ಇಲ್ಲವೋ, ಅದು ಬೇರೆ ಮಾತು. ಟೆಂಪೊದ ಹಿಂಭಾಗಕ್ಕೆ ಮಂಚ, ಒಲೆ, ಸೊಳ್ಳೆಪರದೆ ಹಾಕಿ ಊರೂರು ತಿರುಗಲು ಅದನ್ನೇ ಮನೆ ಮಾಡಿಕೊಂಡಿದ್ದರು. ಒಂದು ಬೇಸಿಗೆ ನಮ್ಮನ್ನೂ ಹತ್ತಿಸಿಕೊಂಡು ಕಾರವಾರದ ಸಮುದ್ರಕ್ಕೆ ಹೊರಟರು. ಜೊತೆಗೆ ಅವರು ಸಾಕಿದ ಟಗರು.

ದಂಡೆಯ ಮೇಲೆ ಗಾಡಿ ನಿಲ್ಲಿಸಿ ಉಳಿಯುವ ಜಾಗವಿತ್ತು. ಸಾಕುಪ್ರಾಣಿಗೂ ಸ್ವಾಗತ ಎಂದು ಬೋರ್ಡು. ಟಗರನ್ನು ನೋಡಿದ ಮ್ಯಾನೇಜರ್, "ನಾಯಿ, ಬೆಕ್ಕು ಅಷ್ಟೇ" ಎಂದು ಗೇಟು ಹಾಕಿದ. ನನಗೆ ಸಿಟ್ಟು ನೆತ್ತಿಗೇರಿತು.

"ಇದೂ ಸಾಕಿದ್ದೇ ಅದ ರಿ" ಎಂದಷ್ಟೇ ಹೇಳಿ ಚಾಚಾ ಗೇಟಿನ ಎದುರೇ ಚಾಪೆ ಹಾಸಿದರು. ಟಗರಿನ ಕೊಂಬಿಗೆ ಎಣ್ಣೆ ಸವರಿ, ಕೈ ತೊಳೆದು, ಜೋಳದ ರೊಟ್ಟಿ ಬಡಿಯತೊಡಗಿದರು.

ಆ ಸದ್ದಿಗೆ ಮೊದಲು ಗೇಟಿಗೆ ಮೂತಿ ಇಟ್ಟದ್ದು ಒಳಗಿನವರ ನಾಯಿಗಳು. ಹಿಂದೆಯೇ ಅವನ್ನು ಸಾಕಿದವರು ಗೇಟು ಸರಿಸಿ ಹೊರಬಂದರು. ಬಂದವರಿಗೆಲ್ಲ ಚಾಚಾನ ಅದೇ ಮಾತು, ಜೊತೆಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಹೊತ್ತು ಮುಳುಗುವಷ್ಟರಲ್ಲಿ ಒಳಗೆ ಉಳಿದವನು ಮ್ಯಾನೇಜರ್ ಒಬ್ಬನೇ. ಕೊನೆಗೆ ಅವನೂ ಬಂದು, "ಒಳಗೆ ಬನ್ನಿ, ಟಗರನ್ನೂ ಕರೆತನ್ನಿ" ಎಂದ.

ಚಾಚಾ ತುಸು ಸರಿದು ಚಾಪೆಯ ಮೇಲೆ ಜಾಗ ಮಾಡಿದರು.

"ಅವಸರ ಯಾಕ್ರಿ, ಕೂಡ್ರಿ."