ಹಿತ್ತಲ ಕಾಂಡ್ಲಾ, ಗಂಗಾವತಿಯ ಸಲಹೆ

ಗಂಗಾವತಿಯಿಂದ ಹೊನ್ನಾವರಕ್ಕೆ ಹೋಗಿ, ಸಮುದ್ರದ ದಂಡೆಯವರಿಗೇ ನೀರಿನ ಪಾಠ ಹೇಳಿ ಬಂದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ನಮ್ಮ ಯಜಮಾನರು.

ನನ್ನ ತಂಗಿ ಶೋಭಾಳನ್ನು ಕೊಟ್ಟಿದ್ದು ಅಲ್ಲಿನ ಹಳ್ಳಿಯೊಂದಕ್ಕೆ. ಮನೆಯ ಹಿಂದೆ ಬಾವಿ, ಅದರಾಚೆ ಅಳಿವೆ, ನಡುವೆ ಕೆಸರಲ್ಲಿ ಬೇರೂರಿ ನಿಂತ ಕಾಂಡ್ಲಾ ಗಿಡಗಳು. ಎರಡು ವರ್ಷದ ಹಿಂದೆ ಹೋದಾಗ ಯಜಮಾನರು ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಕಂಡಿದ್ದು ಸಮುದ್ರವಲ್ಲ, ಹಸಿರು ಪೊದೆ. (ದಾರಿಯುದ್ದಕ್ಕೂ ಎಸಿ ಹಾಕಿಕೊಂಡು ಬಂದಿದ್ದು ಇದಕ್ಕಾ?)

“ಇದೇನ್ರಿ, ಜಾಲಿ ಬೆಳೆಸಿದಂಗ ಬೆಳೆಸೀರಿ? ನಮ್ಮ ಕಡೆ ಕಾಲುವಿ ದಂಡಿಗೆ ಇಂಥಾ ಕಂಟಿ ಒಂದಿನಾನೂ ಬಿಡಂಗಿಲ್ಲ. ಕಡಸ್ರಿ, ವ್ಯೂ ಬರ್ತೈತಿ.”

ತಂಗಿಯ ಗಂಡ ಹಿರಿಯ ಷಡ್ಡಕರ ಮಾತು ಮೀರಲಿಲ್ಲ. ಬಾವಿಯ ನೇರಕ್ಕಿದ್ದ ಗಿಡಗಳನ್ನೆಲ್ಲ ಕಡಿಸಿದರು. ವ್ಯೂ ಬಂತು. ಫ್ಯಾಮಿಲಿ ಗ್ರೂಪಿಗೆ ಫೋಟೋನೂ ಬಂತು.

ನಾನು? ಕಾನ್ವೆಂಟಿನ ಜಾಗ್ರಫಿ ಪರೀಕ್ಷೆಯಲ್ಲಿ ಮ್ಯಾಂಗ್ರೋವ್ ಕಾಡು ದಂಡೆಯನ್ನು ಕಾಯುತ್ತದೆಂದು ಬರೆದು ಐದಕ್ಕೆ ಐದು ತೆಗೆದವಳು. ಅದೇ ಕಾಡು ತಂಗಿಯ ಹಿತ್ತಲಲ್ಲಿ ನಿಂತಿದ್ದಾಗ ಸುಮ್ಮನೆ ಬಿಸ್ಕೀಟು ಹಂಚುತ್ತಿದ್ದೆ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದು. (ಅದನ್ನೂ ಕಾನ್ವೆಂಟೇ ಕಲಿಸಿತ್ತು.)

ಈ ಮಳೆಗಾಲ, ಹುಣ್ಣಿಮೆಯ ಭರತದಲ್ಲಿ ಉಕ್ಕಿದ ಸಮುದ್ರದ ನೀರು ಗಿಡ ಕಡಿದ ಆ ಕಿಂಡಿಯಿಂದಲೇ ನುಗ್ಗಿ ಬಾವಿಗಿಳಿಯಿತು. ಪಕ್ಕದ ಮನೆಯ ಮಾದೇವಿ ಆಯಿ ತಮ್ಮ ಹಿತ್ತಲಿನ ಒಂದು ಗಿಡವನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಅವರ ಬಾವಿ ಇನ್ನೂ ಸಿಹಿ. ತಂಗಿ ಈಗ ಕುಡಿಯುವ ನೀರನ್ನು ಅಲ್ಲಿಂದ ಹೊರುತ್ತಾಳೆ.

ಸುದ್ದಿ ಕೇಳಿದ ಯಜಮಾನರು ತಪ್ಪನ್ನು ಸಮುದ್ರದ ಮೇಲೆ ಹಾಕಿದರು. ಭೂಮಿ ಕಾದಿದೆ, ಸಮುದ್ರ ಏರಿದೆ, ತಾನೇನು ಮಾಡಲಿ ಎಂದರು. ಸುಳ್ಳಲ್ಲ. ಆಯಿ ಮದುವೆಯಾಗಿ ಬಂದಾಗ ದೋಣಿಕಟ್ಟೆಯ ಕೆಳಗಿನ ಮೆಟ್ಟಿಲು ಮುಟ್ಟುತ್ತಿದ್ದ ಭರತದ ನೀರು ಈಗ ಮೂರನೆಯದನ್ನು ದಾಟುತ್ತದಂತೆ. ಆದರೆ ಏರಿ ಬರುವ ನೀರಿಗೆ ಬಾಗಿಲು ತೆಗೆದುಕೊಟ್ಟವರು ಯಾರು? (ಅತಿಯಾಗಿ ಕಾಲುವೆ ನೀರು ಬಿಟ್ಟು ನಮ್ಮ ಗದ್ದೆಯಲ್ಲಿ ಬಿಳೀ ಸವಳು ಏಳಿಸಿದವರೂ ಇವರೇ. ಉಪ್ಪಿನ ವಿಷಯದಲ್ಲಿ ಅನುಭವಸ್ಥರು.)

ಕಳೆದ ವಾರ ಮತ್ತೆ ಹೋಗಿದ್ದೆವು. ಅದೇ ಕುರ್ಚಿ. ಎದುರಿಗೆ ತಂಗಿಯ ಗಂಡ ಮೊಣಕಾಲವರೆಗೆ ಕೆಸರಿಗಿಳಿದು, ಆಯಿ ಕೊಟ್ಟ, ಮೊಳಕೆಯೊಡೆದ ಕಾಂಡ್ಲಾ ಕೋಡುಗಳನ್ನು ಒಂದೊಂದಾಗಿ ಚುಚ್ಚುತ್ತಿದ್ದರು. ದೊಡ್ಡದಾಗಲು ಎಷ್ಟು ವರ್ಷ ಬೇಕೆಂದು ಯಜಮಾನರು ಕೇಳಿದರು. ಅಷ್ಟೊತ್ತಿಗೆ ತಾನಂತೂ ಇರುವುದಿಲ್ಲ ಎಂದರು ಆಯಿ, ನಗುತ್ತಲೇ.

ಶೋಭಾ ಚಹಾ ತಂದಳು. ತನ್ನ ಬಾವಿಯ ನೀರಿನದೇ. ಯಜಮಾನರು ಒಂದು ಗುಟುಕು ಕುಡಿದು ಮುಖ ಕಿವುಚಿದರು. ಶೋಭಾ ಕೇಳಿದಳು:

“ವ್ಯೂ ಹೆಂಗೈತ್ರಿ, ಮಾಮಾ?”