ಜರ್ಬಿಲ್‌ಗಳ ಬಟ್ಟಲು ತೊಳೆದ ಉಜ್ಜಮ್ಮ

ಆಸ್ಪತ್ರೆಯ ಅಡುಗೆಮನೆಯ ಹಿಂದಿನ ತೊಳೆಯುವ ಕೋಣೆಗೆ ಬರುತ್ತಿದ್ದ ತಟ್ಟೆಗಳನ್ನು ನೋಡಿದವರಿಗೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಅರ್ಧ ತಿಂದು ಉಗುಳಿದ ಗಂಜಿ, ಅಂಚಿಗಂಟಿದ ಕಫ, ಲೋಟದ ತಳದಲ್ಲಿ ನೆನೆದು ಉಬ್ಬಿದ ಮಾತ್ರೆ, ಅನ್ನದೊಳಗೆ ಹುದುಗಿಸಿಟ್ಟ ರಕ್ತದ ಹತ್ತಿ. ಆ ಕೋಣೆಯಲ್ಲೇ ಆಯಸ್ಸಿನ ಬಹುಪಾಲು ಸವೆಸಿದ ಒಬ್ಬ ಹೆಂಗಸಿಗೆ ಜೊತೆಯವರು ಉಜ್ಜಮ್ಮ ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು. ಆಕೆ ಸಿಟ್ಟಾಗಲಿಲ್ಲ. ಉಜ್ಜುವುದು ಬಾರದವರು ಆಡಿಕೊಂಡರೆ ಆಡಿಕೊಳ್ಳಲಿ ಬಿಡು ಎಂದು ಇನ್ನೊಂದು ತಟ್ಟೆ ಎತ್ತಿಕೊಂಡಳು.

ಇಷ್ಟು ಹೊಲಸಿನ ನಡುವೆ ಬದುಕಿದವಳಿಗೆ ಹೇಸಿಗೆ ಸತ್ತುಹೋಗಬೇಕಿತ್ತು. ಆಕೆಯದು ದಿನೇ ದಿನೇ ಬಲಿಯಿತು. ಬಸ್ಸಿನ ಕಂಬಿ ಮುಟ್ಟಿದರೆ ಹೇಸಿಗೆ, ಪಕ್ಕದ ಮನೆಯ ಬಾಗಿಲೊರಸು ನೋಡಿದರೆ ಹೇಸಿಗೆ, ಯಾರಾದರೂ ಚಮಚ ನೆಕ್ಕಿ ಮತ್ತೆ ಡಬ್ಬಕ್ಕೆ ಹಾಕಿದರಂತೂ ಡಬ್ಬದಲ್ಲಿದ್ದದ್ದನ್ನೆಲ್ಲ ಕಸಕ್ಕೆ ಸುರಿಯುತ್ತಿದ್ದಳು. "ನನ್ನ ಮೂಗಿಗೆ ಮೋಸ ಮಾಡೋರು ಇನ್ನೂ ಹುಟ್ಟಿಲ್ಲ. ನಾಲ್ಕು ಮನೆ ಆಚೆ ಕೊಳೆತರೂ ನಂಗೆ ಗೊತ್ತಾಗುತ್ತೆ" ಎನ್ನುವುದು ಆಕೆಯ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಒಲೆಯ ಮೇಲಿಟ್ಟ ಹಾಲು ಮಾತ್ರ ವಾರದಲ್ಲಿ ಒಂದೆರಡು ಸಲ ಸೀದು ಕರಕಲಾಗುತ್ತಿತ್ತು. ಅದಕ್ಕೆ ಈಗಿನ ಪಾತ್ರೆಗಳ ತಳ ತೆಳ್ಳಗೆ ಎಂದು ಪಾತ್ರೆ ಮಾಡುವವರ ವಂಶವನ್ನೆಲ್ಲ ಜಾಲಾಡುತ್ತಿದ್ದಳು.

ಕೆಲಸದಿಂದ ನಿವೃತ್ತಿಯಾದ ಮೇಲೆ ಮನೆ ಭಣಭಣ ಎನ್ನತೊಡಗಿತು. ತೊಳೆಯಲು ಒಂದು ತಟ್ಟೆ, ಒಂದು ಲೋಟ. ಅಷ್ಟಕ್ಕೆ ಕೈ ಒದ್ದೆಯಾಗುವುದೂ ಇಲ್ಲ. ಗಡಿಯಾರ ರಿಪೇರಿ ಮಾಡುವ ಆಕೆಯ ತಮ್ಮ, ಹೆಂಡತಿಯನ್ನು ಕಳೆದುಕೊಂಡು, ಬಾಡಿಗೆ ಮನೆ ಬಿಡಬೇಕಾಗಿ ಬಂದಾಗ, "ಹಿಂದಿನ ಕೋಣೆ ಖಾಲಿ ಬಿದ್ದಿದೆ, ಬಂದುಬಿಡೋ" ಎಂದು ಇವಳೇ ಕರೆದಳು. ಕರೆಯುವಾಗ ದನಿಯಲ್ಲಿ ಏನೂ ತೋರಿಸಲಿಲ್ಲ. ಅವನು ಹೂಂ ಎಂದ ಮೇಲೆ ಆ ಕೋಣೆಯ ನೆಲವನ್ನು ಮೂರು ನೀರಿನಲ್ಲಿ ತೊಳೆದಳು.

ತಮ್ಮ ಒಂದು ಕೈಲಿ ಬಟ್ಟೆಯ ಚೀಲ, ಇನ್ನೊಂದು ಕಂಕುಳಲ್ಲಿ ಗಾಜಿನ ತೊಟ್ಟಿ ಹಿಡಿದು ಬಂದ. ತೊಟ್ಟಿಯ ತುಂಬ ಮರದ ಹೊಟ್ಟು. ಹೊಟ್ಟಿನೊಳಗೆ ಏನೋ ಸರಸರ ಎಂದಿತು. ಕಂದು ಬಣ್ಣದ ಒಂದು ಮುಸುಡಿ ಮೇಲೆದ್ದು, ಹಿಂಗಾಲಲ್ಲಿ ನಿಂತು, ಉಜ್ಜಮ್ಮನನ್ನು ಮೇಲಿಂದ ಕೆಳಗೆ ನೋಡಿತು.

"ಥೂ! ಇಲಿ!"

"ಇಲಿ ಅಲ್ಲಕ್ಕ, ಜರ್ಬಿಲ್. ಮರಳುಗಾಡಿನ ಪ್ರಾಣಿ. ಬಾಲ ನೋಡು, ತುದೀಲಿ ಕುಚ್ಚು ಇದೆ. ಇವನು ದೊಡ್ಡೋನು, ಅವನು ಚಿಕ್ಕೋನು."

"ಬಾಲಕ್ಕೆ ಕುಚ್ಚು ಕಟ್ಟಿದ್ರೆ ಇಲಿ ದೊರೆಮಗ ಆಗಿಬಿಡುತ್ತೇನೋ? ಗಬ್ಬು ನಾತ ಹೊಡೀತಿದೆ, ಆಚೆ ಇಡು!"

"ಅವಳು ಸಾಕಿದ್ದು ಅಕ್ಕ. ಕೊನೇಲಿ ಇವನ್ನೇ ನೋಡ್ಕೊ ಅಂದ್ಲು. ಇವು ಎಲ್ಲಿರುತ್ತೋ ನಾನೂ ಅಲ್ಲೇ ಇರೋನು. ಬೇಡ ಅಂದ್ರೆ ಹೇಳಿಬಿಡು, ಅಂಗಡಿ ಅಟ್ಟದ ಮೇಲೆ ಮಲಗ್ತೀನಿ."

ಉಜ್ಜಮ್ಮ ಹಲ್ಲು ಕಚ್ಚಿ ಬಾಗಿಲು ಬಿಟ್ಟಳು. ಆದರೆ ಷರತ್ತು ಹಾಕಿದಳು: ತೊಟ್ಟಿ ಹಿಂದಿನ ಕೋಣೆ ದಾಟಬಾರದು, ಅವುಗಳ ಬಟ್ಟಲು ಮನೆಯವರ ಪಾತ್ರೆಯ ಹತ್ತಿರ ಸುಳಿಯಬಾರದು, ಅದನ್ನು ತೊಳೆಯುವ ಕೈ ತನ್ನದೇ ಆಗಿರಬೇಕು. ತಮ್ಮನೋ, ನೀರಲ್ಲಿ ಅದ್ದಿ ತೆಗೆಯುವುದನ್ನೇ ತೊಳೆಯುವುದು ಎಂದುಕೊಂಡವನು. ಅವನ ಕೈಗೆ ಬಿಟ್ಟರೆ ಮನೆಗೆ ಮಾರಿ ಬಂದೀತು.

ಆಗ ಬಟ್ಟಲು ಎಂದು ಇದ್ದದ್ದು ಯಾವುದೋ ಪ್ಲಾಸ್ಟಿಕ್ ಡಬ್ಬದ ಮುಚ್ಚಳ. ಅಂಚನ್ನೆಲ್ಲ ಕಡಿದು ಗರಗಸ ಮಾಡಿದ್ದವು. ಹಲ್ಲಿನ ಗೀರು ಗೀರಿನೊಳಗೂ ಕಪ್ಪು ಕೊಳೆ. "ಇದನ್ನ ನಾನು ಹೇಗೆ ಉಜ್ಜಲಿ? ಒಂದೊಂದು ಗೀರಿಗೂ ಒಂದೊಂದು ಸೂಜಿ ಬೇಕು. ಪ್ಲಾಸ್ಟಿಕ್ಕೂ ಹೊಟ್ಟೆಗೆ ಹೋಗ್ತಿರುತ್ತೆ" ಎಂದು ಕಡ್ಡಿಯಿಂದ ಎತ್ತಿ ಕಸಕ್ಕೆಸೆದಳು. ಬದಲಿಗೆ ಒಂದು ಪುಟ್ಟ ಸ್ಟೀಲ್ ಬಟ್ಟಲು ಕೊಟ್ಟಳು. ಅದು ಹಗುರ. ದೊಡ್ಡೋನು ಅಂಚಿನ ಮೇಲೆ ಕಾಲಿಟ್ಟರೆ ಸಾಕು, ಠಣ್ ಎಂದು ಮಗುಚಿ ಕಾಳೆಲ್ಲ ಹೊಟ್ಟಿನ ಪಾಲಾಗುತ್ತಿತ್ತು. ಮಗುಚಿದ ಬಟ್ಟಲಿನ ಬೆನ್ನ ಮೇಲೆ ಕೂತು ಹಿಕ್ಕೆ ಹಾಕುತ್ತಿದ್ದವು. ಅದನ್ನು ಕಂಡ ದಿನ ಉಜ್ಜಮ್ಮ ಮಧ್ಯಾಹ್ನದ ಊಟ ಬಿಟ್ಟಳು.

ಕೊನೆಗೆ ಅಕ್ಕ ತಮ್ಮ ಇಬ್ಬರೂ ಸಾಕುಪ್ರಾಣಿಗಳ ಅಂಗಡಿಗೆ ಹೋದರು. ಅಂಗಡಿಯವಳು ಕಿವಿಯಿರುವ ಗುಲಾಬಿ ಬಟ್ಟಲು ತೋರಿಸಿದಳು.

"ಕಿವಿ ಸಂದಿ ಯಾರು ತೊಳೀತಾರೆ?" ಎಂದಳು ಉಜ್ಜಮ್ಮ.

ಅಂಗಡಿಯವಳು ಎರಡು ಗುಳಿಯದ್ದು ತೋರಿಸಿದಳು.

"ನಡುವೆ ಮೂಲೆ ಇದೆ. ಮೂಲೆ ಇದ್ದಲ್ಲಿ ಹೊಲಸು ಸಂಸಾರ ಹೂಡುತ್ತೆ."

ಮುಂದಿನದರ ಒಳಗೆ ಹೆಬ್ಬೆರಳಿಟ್ಟು ಸುತ್ತಲೂ ಉಜ್ಜಿ, ಬೆಳಕಿಗೆ ಹಿಡಿದು, ಬೆರಳಿಂದ ತಟ್ಟಿ ಸದ್ದು ಕೇಳಿದಳು. ತಮ್ಮ ತಲೆ ತಗ್ಗಿಸಿ, "ಬಟ್ಟಲಕ್ಕ ಅದು, ಅಳಿಯ ಅಲ್ಲ" ಎಂದ. ಅಂಗಡಿಯವಳು ಕಿಸಕ್ಕೆಂದಳು. ಆದರೂ ಉಜ್ಜಮ್ಮ ಆರಿಸಿದ್ದು ಸರಿಯಾಗಿತ್ತು ಎನ್ನಲೇಬೇಕು. ಗುಂಡಗೆ, ತಗ್ಗಾಗಿ, ಮೂಲೆಯಿಲ್ಲದೆ, ಇಟ್ಟಲ್ಲಿಂದ ಅಲುಗದಷ್ಟು ದಪ್ಪನೆಯ ಪಿಂಗಾಣಿ ಅದು. ಒಳಗೆಲ್ಲ ಹೊಳಪು, ಅಡಿ ಮಾತ್ರ ಬೋಳು ಮಣ್ಣು.

ಮರುದಿನದಿಂದ ಆಕೆಗೆ ಮತ್ತೆ ಕೆಲಸ ಸಿಕ್ಕಿತು. ಬೆಳಿಗ್ಗೆ ತಮ್ಮ ಅಂಗಡಿಗೆ ಹೋಗುತ್ತಲೇ ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ತೊಟ್ಟು, ಬಟ್ಟಲನ್ನು ಹಿತ್ತಿಲಿಗೆ ಒಯ್ಯುವಳು. ಕಾಳಿನ ಸಿಪ್ಪೆ, ಉಗುಳಂಟಿದ ಪುಡಿ, ಹಿಕ್ಕೆ. ಒಂದೊಂದಕ್ಕೂ ಒಂದೊಂದು ಥೂ. ಆಮೇಲೆ ಆಸ್ಪತ್ರೆಯ ಪದ್ಧತಿ: ಸೋಪಿನಲ್ಲಿ ಉಜ್ಜು, ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ಮುಳುಗಿಸಿಡು, ಎತ್ತಿ ಹಾಗೇ ಬೋರಲು ಹಾಕು. ಬ್ಲೀಚಿಂಗ್ ನೀರಿಂದ ತೆಗೆದದ್ದನ್ನು ಮತ್ತೆ ನಲ್ಲಿ ನೀರಿಗೆ ಹಿಡಿಯುವುದೆಂದರೆ ಸ್ನಾನ ಮಾಡಿದವರನ್ನು ಮೋರಿಗೆ ಇಳಿಸಿದಂತೆ ಎಂಬುದು ಆಕೆಯ ಸಿದ್ಧಾಂತ. ಬೋಳು ಮಣ್ಣಿನ ಅಡಿ ಆ ನೀರನ್ನು ದಿನವೂ ಗಟಗಟ ಕುಡಿಯುತ್ತಿತ್ತು.

ಕಾಳು ತುಂಬಿ ಇಟ್ಟ ಕೂಡಲೇ ಎರಡೂ ಓಡಿ ಬಂದು ಮೂಸಿ ಹಿಂದೆ ಹಾರುತ್ತಿದ್ದವು. ತಿರುಗಿ ನಿಂತು ಹಿಂಗಾಲಲ್ಲಿ ಹೊಟ್ಟು ಚಿಮ್ಮಿ ಚಿಮ್ಮಿ ಬಟ್ಟಲನ್ನು ಹೂತುಬಿಡುತ್ತಿದ್ದವು. ಉಜ್ಜಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. "ರೋಗಿಗಳು ಬೈದ್ರು ಸಹಿಸ್ಕೊಂಡೆ, ಡಾಕ್ಟ್ರು ಬೈದ್ರು ಸಹಿಸ್ಕೊಂಡೆ. ಈಗ ಇಲಿ ಕೈಲಿ ಮಣ್ಣು ಹಾಕಿಸ್ಕೋಬೇಕಾ? ಚೊಕ್ಕ ಬಟ್ಟಲು ಕಂಡ್ರೆ ಆಗದ ಕೊಳಕು ಮುಂಡೇವು!" ಹೊಟ್ಟು ಕೆದಕಿದರೆ ಮೂಲೆಯಲ್ಲಿ ಅವು ಕೂಡಿಟ್ಟ ಕಾಳಿನ ರಾಶಿ ಕಾಣುತ್ತಿತ್ತು. ಉಣ್ಣುವುದನ್ನು ಹೇಲುವಲ್ಲೇ ಹೂಳುವ ಜಾತಿ! ಮುಖ ಆಚೆ ತಿರುಗಿಸಿಕೊಂಡು ಹಳೆ ಚಮಚದಿಂದ ಅದನ್ನೂ ಬಳಿದು ಚೆಲ್ಲುವಳು. ಮರುದಿನ ಇನ್ನಷ್ಟು ಗಟ್ಟಿ ಬ್ಲೀಚಿಂಗ್ ಕಲಸುವಳು.

ಹೀಗೇ ಕೆಲವು ದಿನ ನಡೆದು, ಒಂದು ರಜೆಯ ದಿನ ತಮ್ಮ, ಚಿಕ್ಕೋನನ್ನು ಅಂಗೈಗೆ ಎತ್ತಿಕೊಂಡ. ಬೆನ್ನ ಮೂಳೆ ಕೈಗೆ ಚುಚ್ಚಿತು. ಕೂದಲು ಕೆದರಿತ್ತು, ಕಣ್ಣು ಅರೆಮುಚ್ಚಿತ್ತು. ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಏನ್ ಹಾಕ್ದೆ ಅಕ್ಕ ಇವಕ್ಕೆ?"

"ಕಾಳು ಹಾಕ್ದೆ. ಇನ್ನೇನು, ವಿಷ ಹಾಕ್ದೆ ಅಂದ್ಕೊಂಡ್ಯಾ?"

ಅವನು ಅಲ್ಲ ಎನ್ನಲಿಲ್ಲ. ಅದು ಆಕೆಯ ಎದೆಗೆ ನೆಟ್ಟಿತು. ಅವನು ಕೋಣೆಗೆ ಹೋಗಿ ಚೀಲಕ್ಕೆ ಬಟ್ಟೆ ತುರುಕತೊಡಗಿದ.

"ದಿನಾ ನಾನು ಅಂಗಡಿಗೆ ಹೋದ್ಮೇಲೆ ಇವು ನಿನ್ನ ಕೈಲಿರುತ್ತೆ. ನಿಂಗೆ ಇವನ್ನ ಕಂಡ್ರೆ ಅಸಹ್ಯ. ಯಾವ ಧೈರ್ಯದ ಮೇಲೆ ಬಿಟ್ಟು ಹೋಗ್ಲಿ?"

"ಅಸಹ್ಯ ಹೌದು ಕಣೋ! ಅಸಹ್ಯ ಪಟ್ಕೊಂಡೇ ದಿನಾ ತೊಳೆದಿದ್ದೀನಿ. ನೋಡು ಬಾ, ಕನ್ನಡಿ ಹಂಗಿದೆ!"

ಹಿತ್ತಿಲಿಂದ ಬಟ್ಟಲು ತಂದು ಅವನ ಮುಖಕ್ಕೆ ಹಿಡಿದಳು. ಅವನು ಸರಕ್ಕನೆ ಹಿಂದೆ ಹಾರಿದ. ಜರ್ಬಿಲ್‌ಗಳು ಹಾರಿದ ಹಾಗೆಯೇ.

"ಅಯ್ಯಪ್ಪಾ! ಏನಿದು, ಕಕ್ಕಸು ತೊಳೆಯೋ ವಾಸನೆ! ಇವಕ್ಕೆ ಮೂಗೇ ಎಲ್ಲಾ. ಇದ್ರಲ್ಲಿ ಹೇಗೆ ಬಾಯಿ ಹಾಕುತ್ತೆ?"

"ಯಾವ ವಾಸನೆ? ಒಂದು ಚೂರೂ ಇಲ್ಲ." ಆಕೆ ಬಟ್ಟಲಲ್ಲಿ ಮೂಗಿಟ್ಟು ಉದ್ದಕ್ಕೆ ಉಸಿರೆಳೆದಳು. "ಏನೂ ಇಲ್ಲ."

ತಮ್ಮ ಆಕೆಯನ್ನೇ ದಿಟ್ಟಿಸಿದ. ಹಿತ್ತಿಲಿಗೆ ಹೋಗಿ ಬ್ಲೀಚಿಂಗ್ ಪುಡಿಯ ಡಬ್ಬ ತಂದು, ಮುಚ್ಚಳ ತೆಗೆದು, ಆಕೆಯ ಮೂಗಿನ ಮುಂದಿಟ್ಟ. ಉಜ್ಜಮ್ಮನ ಕಣ್ಣಲ್ಲಿ ನೀರು ಬಂತು. ಅವನು ಡಬ್ಬ ಮುಚ್ಚಿದ.

"ಈಗ ಬಂತಾ ವಾಸನೆ?"

"ಕಣ್ಣುರೀತು."

"ವಾಸನೆ?"

ಆಕೆ ಬಟ್ಟಲನ್ನು ಮತ್ತೊಮ್ಮೆ ಮೂಸಿದಳು. ಸೀದ ಹಾಲಿನ ಪಾತ್ರೆಗಳೆಲ್ಲ ಒಂದರ ಹಿಂದೊಂದು ನೆನಪಿಗೆ ಬಂದವು. ತೊಳೆಯುವ ಕೋಣೆಯ ಬ್ಲೀಚಿಂಗ್ ಘಾಟಿನಲ್ಲಿ ಯಾವಾಗಲೋ ಮೂಗು ಕೈಕೊಟ್ಟಿತ್ತು. ಅಂದಿನಿಂದ ಆಕೆ ಕಣ್ಣಲ್ಲೇ ಮೂಸುತ್ತಿದ್ದಳು.

"ಹಾಗಾದ್ರೆ ಗಬ್ಬು ನಾತ, ಗಬ್ಬು ನಾತ ಅಂತ ಬೀದಿಗೆ ಕೇಳೋ ಹಾಗೆ ಕೂಗ್ತಿದ್ದೆಯಲ್ಲಕ್ಕ? ಇವು ನೀರು ಕುಡಿಯೋದೇ ಅಷ್ಟಕ್ಕಷ್ಟೆ, ಉಚ್ಚೆ ಹೊಯ್ಯೋದೂ ಅಷ್ಟಕ್ಕಷ್ಟೆ. ಈ ಮನೇಲಿ ನಾರೋದು ನಿನ್ನ ಡಬ್ಬ ಒಂದೇ."

ಆ ನಗೆಮಾತಿಗೆ ನಗುವುದೋ ಅಳುವುದೋ ತಿಳಿಯದೆ ಆಕೆ ಕೂಡಿಟ್ಟ ಕಾಳನ್ನು ಬಳಿದು ಚೆಲ್ಲಿದ್ದನ್ನೂ ಹೇಳಿಬಿಟ್ಟಳು. ತಮ್ಮ ಹಣೆ ಚಚ್ಚಿಕೊಂಡ. "ಬಟ್ಟಲಲ್ಲಿ ತಿನ್ನೋ ಹಾಗಿಲ್ಲ, ಕೂಡಿಟ್ಟಿದ್ದೂ ಉಳಿಯೋ ಹಾಗಿಲ್ಲ. ಇನ್ನೇನು ಗಾಳಿ ಕುಡೀಬೇಕಿತ್ತಾ?" ಅಂದು ಕಾಳನ್ನು ಹೊಟ್ಟಿನ ಮೇಲೇ ಚೆಲ್ಲಿದ. ಬಟ್ಟಲನ್ನು ಬರೀ ನೀರಲ್ಲಿ ಕುದಿಸಿ ಬಿಸಿಲಿಗಿಟ್ಟ. ಆದರೆ ಬಟ್ಟೆ ತುಂಬಿ ತಂದಿಟ್ಟ ಚೀಲ ಬಾಗಿಲಲ್ಲೇ ಕೂತಿತ್ತು. "ಬಟ್ಟಲು ಒಣಗಲಿ. ಆಮೇಲೆ ನೋಡೋಣ" ಎಂದ.

ಬಟ್ಟಲನ್ನು ಮತ್ತೆ ಮತ್ತೆ ಕುದಿಸಿ ಒಣಗಿಸಿದ್ದಾಯಿತು. ಕೊನೆಗೆ ತಮ್ಮ ಮೂಸಿ, ವಾಸನೆ ಹೋಗಿದೆ, ಇನ್ನು ಅವುಗಳದೇ ವಾಸನೆ ಹತ್ತಬೇಕು ಎಂದ. ಹೇಗೆ ಎಂಬುದು ಉಜ್ಜಮ್ಮನಿಗೆ ಗೊತ್ತಾಗಿತ್ತು. ಬಾಗಿಲ ಹತ್ತಿರದ ಚೀಲವನ್ನೊಮ್ಮೆ ನೋಡಿದಳು. ಕೈಗವಸು ಕಳಚಿದಳು. ಬರಿಗೈಯನ್ನು ತೊಟ್ಟಿಗಿಳಿಸಿ, ತೇವದ, ಹಿಕ್ಕೆ ಬೆರೆತ ಹಳೆ ಹೊಟ್ಟನ್ನು ಮುಷ್ಟಿ ತುಂಬ ಹಿಡಿದು, ಜೀವಮಾನವೆಲ್ಲ ಉಜ್ಜಿದ ಅದೇ ಕೈಯಿಂದ ಬಟ್ಟಲಿಗೆ ಉಜ್ಜಿದಳು. ಒಳಗೂ ಉಜ್ಜಿದಳು, ಅಡಿಗೂ ಉಜ್ಜಿದಳು. ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂತು. ನುಂಗಿದಳು. ಕಣ್ಣು ಮುಚ್ಚಿ ಇನ್ನೊಂದು ಸುತ್ತು ಉಜ್ಜಿದಳು.

ಕಾಳು ಹಾಕಿ ಇಟ್ಟಾಗ ಚಿಕ್ಕೋನು ಬಂದ. ಮೂಸಿದ. ಹಿಂದೆ ಹಾರಲಿಲ್ಲ. ಬಟ್ಟಲೊಳಗೇ ಹತ್ತಿ ಅಂಡೂರಿ ಕೂತು, ಎರಡು ಕೈಲಿ ಕಾಳು ಹಿಡಿದು ಕಟಕಟ ತಿನ್ನತೊಡಗಿದ. ತಿನ್ನುತ್ತ ತಿನ್ನುತ್ತಲೇ ಹಿಂದಿನಿಂದ ಒಂದು ಹಿಕ್ಕೆ ಉದುರಿಸಿದ.

"ಥೂ, ನಿನ್ನ! ತಿನ್ನೋ ತಟ್ಟೇಲೇ!" ಉಜ್ಜಮ್ಮ ಬಾಯಿಗೆ ಮೊಣಕೈ ಅಡ್ಡ ಹಿಡಿದು ಹಿತ್ತಿಲಿಗೆ ಓಡಿದಳು. ಕೈಯನ್ನು ಚರ್ಮ ಸುಲಿಯುವಂತೆ ತೊಳೆದಳು.

ತಿರುಗಿ ಬಂದಾಗ ಬಾಗಿಲಲ್ಲಿ ಚೀಲ ಇರಲಿಲ್ಲ. ಹಿಂದಿನ ಕೋಣೆಯ ಗೂಟದ ಮೇಲೆ ತಮ್ಮನ ಅಂಗಿ ನೇತಾಡುತ್ತಿತ್ತು. ಉಜ್ಜಮ್ಮ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು.

"ಲೋ, ಹಾಲಿಟ್ಟಿದ್ದೀನಿ. ಸೀದ ವಾಸನೆ ಬಂದ್ರೆ ಕೂಗು."

"ಹೂಂ ಅಕ್ಕ."

"ಆ ಹೊಲಸು ಮುಟ್ಟಿದ ಕೈಲಿ ಲೋಟ ಮುಟ್ಟೀಯೆ, ಜೋಕೆ!"